‘ಎಚ್’ನಲ್ಲಿ ‘ಹ’ ಎಲ್ಲಿದೆ? ಮಕ್ಕಳ ಇಂಗ್ಲಿಷ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗಳು ಸರ್ಕಾರಿ ಕನ್ನಡ ಶಾಲೆಯಲ್ಲಿ ಎರಡನೇ ತರಗತಿ. ಕನ್ನಡ ಚೆನ್ನಾಗಿ ಓದುತ್ತಾಳೆ. ಎಬಿಸಿಡಿ ಪೂರ್ತಿ ಬಾಯಿಪಾಠ. ‘ಸಿ ಎ ಟಿ ಕ್ಯಾಟ್’ ಅನ್ನುತ್ತಾಳೆ. ಆದರೆ ‘ಟ್ಯಾಪ್’ ಎಂದು ಬರೆದು ತೋರಿಸಿದರೆ ‘ಟಿ ಎ ಪಿ’ ಎಂದು ಹೇಳಿ ನನ್ನ ಮುಖ ನೋಡುತ್ತಾಳೆ. ಎಲ್ಲಿ ತಪ್ಪುತ್ತಿದೆ?
– ಒಬ್ಬ ತಾಯಿ, ಹಾವೇರಿ ಜಿಲ್ಲೆ

ಉತ್ತರ: ತಪ್ಪು ಮಗುವಿನದಲ್ಲ. ಅವಳು ‘ಕ್ಯಾಟ್’ ಅನ್ನು ಓದುತ್ತಿಲ್ಲ, ಮಗ್ಗಿಯಂತೆ ಒಪ್ಪಿಸುತ್ತಿದ್ದಾಳೆ. ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ಸದ್ದು. ‘ಮ’ವನ್ನು ‘ಮ’ ಎಂದೇ ಕರೆಯುತ್ತೇವೆ. ಇಂಗ್ಲಿಷಿನಲ್ಲಿ ಹೆಸರೊಂದು, ಸದ್ದೊಂದು. ‘ಎಚ್’ ಎಂಬ ಹೆಸರಿನಲ್ಲಿ ಹಕಾರವೇ ಇಲ್ಲ. ‘ಡಬ್ಲ್ಯೂ’ ಶುರುವಾಗುವುದು ಡಕಾರದಿಂದ. ‘ಟಿ ಎ ಪಿ’ಯನ್ನು ಎಷ್ಟು ಬೇಗ ಹೇಳಿದರೂ ‘ಟೀಯೇಪೀ’ ಆಗುತ್ತದೆಯೇ ಹೊರತು ‘ಟ್ಯಾಪ್’ ಆಗುವುದಿಲ್ಲ. ಮಗಳಿಗೆ ಹೀಗೆ ಹೇಳಿ: ಹಸುವಿನ ಹೆಸರು ಹಸು, ಅದರ ಕೂಗು ಅಂಬಾ. ಹಾಗೇ ‘ಎಚ್’ ಹೆಸರು, ‘ಹ್’ ಅದರ ಕೂಗು. ಓದುವಾಗ ಕೂಗು ಬೇಕು, ಹೆಸರಲ್ಲ.

ಒಂದು ತಿಂಗಳು ಹೆಸರುಗಳನ್ನು ಬದಿಗಿಟ್ಟು ಎಸ್, ಎ, ಟಿ, ಪಿ, ಐ, ಎನ್ ಎಂಬ ಆರು ಅಕ್ಷರಗಳ ಕೂಗು ಕಲಿಸಿ: ಸ್, ಆ್ಯ, ಟ್, ಪ್, ಇ, ನ್. ಸಣ್ಣಕ್ಷರಗಳು ಮಾತ್ರ ಸಾಕು, ಪುಸ್ತಕದ ತುಂಬ ಇರುವುದು ಅವೇ. ಈ ಆರರಿಂದಲೇ ಸಿಟ್, ಪಿನ್, ಟಿನ್, ಟ್ಯಾಪ್, ಪ್ಯಾನ್, ನ್ಯಾಪ್, ಆ್ಯಂಟ್ ಎಂದು ಹತ್ತಿಪ್ಪತ್ತು ಪದ ಕಟ್ಟಬಹುದು. ಎ, ಬಿ, ಸಿ ಕ್ರಮದಲ್ಲೇ ಹೋದರೆ ಅಷ್ಟು ಪದ ಹುಟ್ಟುವುದಿಲ್ಲ. ಜೊತೆಗೆ ಬಿ ಮತ್ತು ಡಿ ಕನ್ನಡಿಯ ಬಿಂಬದಂತಿರುವ ಜೋಡಿ, ಒಟ್ಟಿಗೆ ಕಲಿಸಿದರೆ ಅದಲುಬದಲಾಗುತ್ತವೆ. ಡಿ ಗಟ್ಟಿಯಾಗಿ ಮೂರು ನಾಲ್ಕು ವಾರ ಕಳೆದ ಮೇಲೆ ಬಿ ತನ್ನಿ.

ಹೆಚ್ಚಿನವರು ಎಡವುವುದು ಸದ್ದು ಹೇಳಿಕೊಡುವಲ್ಲಿ. ‘ಟ’ ಅನ್ನಬೇಡಿ, ‘ಟ್’ ಅನ್ನಿ. ‘ಸ’ ಅಲ್ಲ, ಹಾವು ಬುಸುಗುಟ್ಟುವ ‘ಸ್ಸ್’. ನಮ್ಮ ವ್ಯಂಜನದ ಹೊಟ್ಟೆಯೊಳಗೆ ‘ಅ’ ಕೂತಿರುತ್ತದೆ. ಅದನ್ನು ತೆಗೆಯದೆ ‘ಟ, ಆ್ಯ, ಪ’ ಎಂದು ಕೂಡಿಸಿದರೆ ಪದ ಕೂಡಿಕೊಳ್ಳುವುದೇ ಇಲ್ಲ. ನಿಮ್ಮ ಮಗಳಿಗೆ ಕಾಗುಣಿತ ಬರುತ್ತದೆ. ‘ಟ್’ಗೆ ‘ಇ’ ಸೇರಿದರೆ ‘ಟಿ’ ಎಂದು ಅವಳಿಗೆ ಆಗಲೇ ಗೊತ್ತು. ಇಂಗ್ಲಿಷ್ ಓದಿಗೆ ಬೇಕಾದ ದೊಡ್ಡ ಬಂಡವಾಳ ಅದು, ಕನ್ನಡವೇ ಕೊಟ್ಟದ್ದು.

ದಿನಕ್ಕೆ 10ರಿಂದ 12 ನಿಮಿಷ, ವಾರಕ್ಕೆ ಎರಡೇ ಹೊಸ ಸದ್ದು. ಮೊದಲ ಮೂರು ನಿಮಿಷ ಕಿವಿಗೆ ಮಾತ್ರ: ನೀವು ‘ಸ್… ಇ… ಟ್’ ಅನ್ನಿ, ಅವಳು ಕೂಡಿಸಿ ‘ಸಿಟ್’ ಅನ್ನಲಿ. ಆಮೇಲೆ ಹಳೆಯ ಲಗ್ನಪತ್ರಿಕೆಯ ರಟ್ಟನ್ನು ಎರಡು ಬೆರಳಗಲಕ್ಕೆ ಕತ್ತರಿಸಿ, ಒಂದೊಂದರಲ್ಲಿ ಒಂದೊಂದು ಅಕ್ಷರ ಬರೆದು ಪದ ಜೋಡಿಸಿ. ಒಂದು ಬಾರಿಗೆ ಒಂದೇ ಚೀಟಿ ಬದಲಿಸಿ: ಸ್ಯಾಟ್, ಪ್ಯಾಟ್, ಪಿಟ್, ಪಿನ್, ಟಿನ್. ಕಲಿಕೆ ನಡೆಯುವುದು ಈ ಬದಲಾವಣೆಯಲ್ಲೇ, ಅವಸರ ಬೇಡ. ಕೊನೆಗೆ ನಾಲ್ಕು ಪದ ಉಕ್ತಲೇಖನ.

‘ಪಿನ್ನು’, ‘ಬಸ್ಸು’ ಎಂದು ಕೊನೆಗೆ ‘ಉ’ ಸೇರಿಸಿದರೆ ಗದರಬೇಡಿ. ಪದವನ್ನು ಸ್ವರದಲ್ಲಿ ಮುಗಿಸುವುದು ಕನ್ನಡದ ಜಾಯಮಾನ. ಕೊನೆಯ ಸದ್ದಿಗೆ ಮುಷ್ಟಿ ಬಿಗಿಯುವ ಆಟ ಆಡಿಸಿ. ಮುಷ್ಟಿ ಮುಚ್ಚಿತು, ಮಾತೂ ನಿಂತಿತು. ಇನ್ನು ‘ದ’, ‘ವಾಸ್’, ‘ಸೆಡ್’, ‘ಒನ್’ ಮುಂತಾದ ಪದಗಳು ಸದ್ದಿನ ಲೆಕ್ಕಕ್ಕೆ ಸರಿಯಾಗಿ ಸಿಗುವುದಿಲ್ಲ. ಅವನ್ನು ಬಿಡಿಸಿ ಓದಿಸದೆ, ವಾರಕ್ಕೆ ನಾಲ್ಕರಂತೆ ಇಡಿಯಾಗಿ ಗುರುತಿಸಲು ಕಲಿಸಿ.

ಪ್ರಶ್ನೆ: ಇಂಗ್ಲಿಷ್ ಪಾಠದ ಸಾಲುಗಳ ಮೇಲೆ ಕನ್ನಡ ಅಕ್ಷರದಲ್ಲಿ ಉಚ್ಚಾರಣೆ ಬರೆದುಕೊಡಬಹುದೇ?
– ಗೌರಿಬಿದನೂರು

ಉತ್ತರ: ಬೇಡ. ಕಣ್ಣು ಕನ್ನಡದ ಸಾಲನ್ನೇ ಓದುತ್ತದೆ, ಇಂಗ್ಲಿಷ್ ಸಾಲು ಕೆಳಗೆ ಅನಾಥವಾಗಿ ಉಳಿಯುತ್ತದೆ. ಕನ್ನಡದಲ್ಲಿ ಅರ್ಥ ಬರೆಯಿರಿ, ಅದು ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಮನೆಯಲ್ಲೂ ಇಂಗ್ಲಿಷಿನಲ್ಲೇ ಮಾತಾಡಿ ಎಂದು ಶಾಲೆಯಲ್ಲಿ ಹೇಳುತ್ತಾರೆ. ನಮ್ಮಿಬ್ಬರಿಗೂ ಅಷ್ಟು ಬರುವುದಿಲ್ಲ. ಮಗ ಹಿಂದೆ ಬೀಳುತ್ತಾನಾ?
– ತಂದೆ, ಬೆಂಗಳೂರು

ಉತ್ತರ: ಬೀಳುವುದಿಲ್ಲ. ಕನ್ನಡದಲ್ಲೇ ಧಾರಾಳವಾಗಿ ಮಾತಾಡಿ. ಮಳೆ ಯಾಕೆ ಬರುತ್ತದೆ, ದೋಸೆ ಹಿಟ್ಟು ಯಾಕೆ ಉಬ್ಬುತ್ತದೆ ಎಂಬುದನ್ನು ಕನ್ನಡದಲ್ಲಿ ತಿಳಿದ ಮಗುವಿಗೆ ಇಂಗ್ಲಿಷಿನಲ್ಲಿ ಪದಗಳಷ್ಟೇ ಹೊಸದು, ವಿಷಯ ಹೊಸದಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಾದಲ್ಲೆಲ್ಲ ಕನಿಷ್ಠ ಐದನೇ ತರಗತಿಯವರೆಗೆ ಮನೆಮಾತಿನಲ್ಲಿ ಕಲಿಸಬೇಕೆನ್ನುತ್ತದೆ.

‘ರೈಸ್ ತಿನ್ನು, ಹ್ಯಾಂಡ್ ವಾಷ್ ಮಾಡ್ಕೋ’ ಎಂಬ ಬೆರಕೆ ಮಾತನ್ನೇ ನೆಚ್ಚಬೇಡಿ. ಅದರಿಂದ ಇಂಗ್ಲಿಷಿನ ಬಿಡಿಪದಗಳು ಬರುತ್ತವೆ, ವಾಕ್ಯ ಬರುವುದಿಲ್ಲ. ‘ಅನ್ನ’ ಎಂಬ ಪದವೂ ಕೈತಪ್ಪಬಹುದು. ಬದಲಿಗೆ ಒಂದು ಹೊತ್ತು, ಒಂದು ಜಾಗ ಗೊತ್ತುಮಾಡಿ. ಉದಾಹರಣೆಗೆ ರಾತ್ರಿ ಊಟಕ್ಕೆ ಕೂತಾಗ ಐದೇ ಪೂರ್ಣ ವಾಕ್ಯ: ‘ಕ್ಯಾನ್ ಐ ಹ್ಯಾವ್ ಸಮ್ ಮೋರ್?’, ‘ಪ್ಲೀಸ್ ಪಾಸ್ ದ ವಾಟರ್’, ಹೀಗೆ. ಅವು ಸಲೀಸಾಗಿ ಬಂದ ಮೇಲೆ ಇನ್ನೈದು.

ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಒಂದೇ ಕಥೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅವೇ ಚಿತ್ರಗಳೊಂದಿಗೆ ಉಚಿತವಾಗಿ ಸಿಗುತ್ತದೆ, ಒಂದರಿಂದ ನಾಲ್ಕರವರೆಗೆ ಓದಿನ ಹಂತಗಳಿವೆ. ಮೊದಲ ದಿನ ನೀವು ಕನ್ನಡದಲ್ಲಿ ಓದಿ ಹೇಳಿ. ಮರುದಿನ ಅದೇ ಚಿತ್ರ ನೋಡುತ್ತ ಇಂಗ್ಲಿಷ್ ಕಥೆ; ಕೆಲವು ಕಥೆಗಳಿಗೆ ಓದುವ ಧ್ವನಿಯೂ ಇದೆ, ಅದನ್ನು ಹಾಕಿ. ಮೂರನೇ ದಿನ ಮಗ ಕೇಳುತ್ತ ಸಾಲಿನ ಮೇಲೆ ಬೆರಳಾಡಿಸಲಿ. ವಾರಕ್ಕೊಂದೇ ಕಥೆ ಸಾಕು. ಹತ್ತು ಕಥೆಯನ್ನು ಒಂದೊಂದು ಸಲ ನೋಡುವುದಕ್ಕಿಂತ ಒಂದನ್ನೇ ಐದು ಸಲ ಕೇಳುವುದು ಮೇಲು.

ಪ್ರಶ್ನೆ: ಐದನೇ ತರಗತಿಯ ಮಕ್ಕಳು ‘ರವಿ ಸ್ಕೂಲ್ ಟು ಗೋಸ್’, ‘ಶಿ ಟೀಚರ್’, ‘ಟು ಮಿ ಹಂಗ್ರಿ’ ಎಂದು ಬರೆಯುತ್ತಾರೆ. ವ್ಯಾಕರಣ ಎಷ್ಟು ಹೇಳಿದರೂ ಇಷ್ಟೇ.
– ಶಿಕ್ಷಕಿ, ಕೊಪ್ಪಳ ಜಿಲ್ಲೆ

ಉತ್ತರ: ಈ ಮೂರೂ ಕನ್ನಡದ ಸರಿಯಾದ ವಾಕ್ಯಗಳೇ, ಇಂಗ್ಲಿಷ್ ಅಂಗಿ ತೊಟ್ಟಿವೆ ಅಷ್ಟೆ. ವ್ಯತ್ಯಾಸವನ್ನು ಬಾಯಲ್ಲಿ ಹೇಳುವ ಬದಲು ಕೈಯಲ್ಲಿ ಮಾಡಿಸಿ. ನಾಲ್ಕು ಚೀಟಿಗಳಲ್ಲಿ ‘ರವಿ’, ‘ಶಾಲೆ’, ‘ಗೆ’, ‘ಹೋಗುತ್ತಾನೆ’ ಎಂದು ಬರೆದು, ಪ್ರತಿಯೊಂದರ ಹಿಂಬದಿಯಲ್ಲಿ ಅದರ ಇಂಗ್ಲಿಷ್ ಬರೆಯಿರಿ. ಮೊದಲು ಕನ್ನಡದ ಕ್ರಮದಲ್ಲಿ ಜೋಡಿಸಲಿ. ಆಮೇಲೆ ಎರಡೇ ಜಿಗಿತ: ‘ಹೋಗುತ್ತಾನೆ’ ಎದ್ದು ರವಿಯ ಪಕ್ಕಕ್ಕೆ ಬರುತ್ತದೆ, ‘ಗೆ’ ಶಾಲೆಯ ಹಿಂದಿನಿಂದ ಮುಂದಕ್ಕೆ ಬರುತ್ತದೆ. ಈಗ ಚೀಟಿಗಳನ್ನು ಮಗುಚಿದರೆ ‘ರವಿ ಗೋಸ್ ಟು ಸ್ಕೂಲ್’. ನಮ್ಮಲ್ಲಿ ನಾಮಪದದ ಬಾಲವಾಗಿರುವ ‘ಗೆ’, ‘ಇಂದ’, ‘ಮೇಲೆ’, ‘ಒಳಗೆ’ ಇಂಗ್ಲಿಷಿನಲ್ಲಿ ತಲೆಯ ಕಡೆ ಕೂರುತ್ತವೆ. ನಾಲ್ಕನ್ನು ಹೀಗೆ ಆಡಿಸಿದರೆ ಐದನೆಯದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ.

‘ಅವಳು ಟೀಚರ್’ ಎಂಬಲ್ಲಿ ಕನ್ನಡಕ್ಕೆ ಕ್ರಿಯಾಪದ ಬೇಕಿಲ್ಲ. ಅಲ್ಲಿ ಕನ್ನಡದ ಬದಿ ಖಾಲಿ ಇರುವ ಎರಡು ಕೆಂಪು ಚೀಟಿ ಇಡಿ: ಹಿಂಬದಿಯಲ್ಲಿ ಒಂದಕ್ಕೆ ‘ಇಸ್’, ಇನ್ನೊಂದಕ್ಕೆ ‘ಎ’. ಪ್ರಶ್ನೆಗೆ ನಾವು ಕೊನೆಯಲ್ಲಿ ‘ಆ’ ಎಳೆಯುತ್ತೇವೆ, ಬರ್ತಾನಾ, ಬಂದನಾ ಎಂದು. ಇಂಗ್ಲಿಷಿನಲ್ಲಿ ಅದೇ ಕೆಂಪು ಚೀಟಿ ‘ಇಸ್’ ವಾಕ್ಯದ ಮುಂದಕ್ಕೆ ಹಾರುತ್ತದೆ: ‘ಇಸ್ ಶಿ ಎ ಟೀಚರ್?’ ‘ನನಗೆ ಹಸಿವು, ಜ್ವರ, ಇಬ್ಬರು ತಮ್ಮಂದಿರು’ ಎಂಬಂಥವನ್ನು ಮಾತ್ರ ಬಿಡಿಸಲು ಹೋಗಬೇಡಿ. ‘ಐ ಆ್ಯಮ್ ಹಂಗ್ರಿ’, ‘ಐ ಹ್ಯಾವ್ ಟೂ ಬ್ರದರ್ಸ್’ ಎಂದು ಇಡಿ ವಾಕ್ಯವನ್ನೇ ರೂಢಿ ಮಾಡಿಸಿ. ಇಲ್ಲದಿದ್ದರೆ ‘ಐ ಆ್ಯಮ್ ಹ್ಯಾವಿಂಗ್’ ಅಂಟಿಕೊಂಡು ಕಾಲೇಜಿನವರೆಗೂ ಬರುತ್ತದೆ.

ಪುಸ್ತಕದ ತುಂಬ ಕೆಂಪು ಗೆರೆ ಎಳೆಯಬೇಡಿ. ಈ ವಾರ ‘ಇಸ್’ ಮಾತ್ರ, ಮುಂದಿನ ವಾರ ‘ಎ, ದ’. ಮಾತಿನಲ್ಲಿ ತಪ್ಪಿದಾಗ ತಡೆಯದೆ, ‘ಯೆಸ್, ಶಿ ಇಸ್ ಎ ಟೀಚರ್’ ಎಂದು ನೀವೇ ಸರಿಯಾಗಿ ಹೇಳಿ ಮುಂದುವರಿಯಿರಿ.

ಪ್ರಶ್ನೆ: ಎಲ್‌ಕೆಜಿಗೆ ಸೇರಿ ಮೂರು ತಿಂಗಳಾಯಿತು. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವವನು ಶಾಲೆಯಲ್ಲಿ ತುಟಿ ಬಿಚ್ಚುವುದಿಲ್ಲವಂತೆ.
– ಅಜ್ಜಿ, ಹಾಸನ

ಉತ್ತರ: ಹೊಸ ಭಾಷೆಯ ನಡುವೆ ಬಿದ್ದ ಮಗು ಮೊದಲು ಕೇಳಿಸಿಕೊಳ್ಳುತ್ತದೆ. ಈ ಮೌನ ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ ಇರಬಹುದು. ಮಾತು ಬಂತೇ ಎಂದು ನೋಡುವ ಬದಲು ಅರ್ಥವಾಗುತ್ತಿದೆಯೇ ಎಂದು ಟೀಚರನ್ನು ಕೇಳಿ: ‘ಬ್ಯಾಗ್ ತೆಗಿ’, ‘ಸಾಲಾಗಿ ನಿಲ್ಲು’ ಎಂದು ಇಂಗ್ಲಿಷಿನಲ್ಲಿ ಹೇಳಿದರೆ, ಬೇರೆ ಮಕ್ಕಳನ್ನು ನೋಡಿ ಮಾಡುತ್ತಾನೋ, ತಾನೇ ಮಾಡುತ್ತಾನೋ? ತಾನೇ ಮಾಡುವಂತಾದರೆ ಮಾತು ದೂರವಿಲ್ಲ. ಶಾಲೆಯಲ್ಲಿ ಕನ್ನಡದಲ್ಲಿ ಉತ್ತರಿಸಿದರೂ ಒಪ್ಪಿಕೊಳ್ಳಲು ಕೇಳಿಕೊಳ್ಳಿ. ಬಂದ ನೆಂಟರ ಮುಂದೆ ‘ಇಂಗ್ಲಿಷಿನಲ್ಲಿ ಹೇಳು ಪುಟ್ಟ’ ಎಂದು ನಿಲ್ಲಿಸಬೇಡಿ.

ಇನ್ನೂ ಕೆಲವು ವಾರ ಕಳೆದರೂ ಶಾಲೆಯಲ್ಲಿ ಯಾರೊಂದಿಗೂ, ಕನ್ನಡದಲ್ಲೂ, ಒಂದು ಮಾತಾಡದಿದ್ದರೆ ಅಥವಾ ಕರೆದರೆ ತಿರುಗಿ ನೋಡದಿದ್ದರೆ ಅದು ಬರೀ ಇಂಗ್ಲಿಷಿನ ವಿಷಯವಲ್ಲದಿರಬಹುದು. ಆಗ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ. ಮಾತು ಮತ್ತು ಶ್ರವಣ ಎರಡನ್ನೂ ಪರೀಕ್ಷಿಸುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ, ಹಾಸನದಿಂದ ದೂರವೇನಲ್ಲ.