ಮುರಿದದ್ದು ಮಣಿಕಟ್ಟು, ಹಿಡಿದುಕೊಂಡದ್ದು ಭುಜ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕೈಯನ್ನು ಕತ್ತಿನಿಂದ ತೂಗುಹಾಕುವ ಸ್ಲಿಂಗ್ ಬಗ್ಗೆಯೇ ಇವೆ. ಪ್ರತಿ ಮಳೆಗಾಲದಲ್ಲೂ ಹೀಗೇ. ಅಂಗಳ ಪಾಚಿ ಕಟ್ಟುತ್ತದೆ, ಜನ ಜಾರಿ ಅಂಗೈ ಊರಿ ಬೀಳುತ್ತಾರೆ, ಮಣಿಕಟ್ಟು ಮುರಿಯುತ್ತದೆ. ಮೊದಲ ಪ್ರಶ್ನೆಗೇ ಹೆಚ್ಚು ಜಾಗ ಕೊಡುತ್ತೇನೆ. ಫಿಸಿಯೋಥೆರಪಿ ಕೋಣೆಯಲ್ಲಿ ಇದೇ ತಪ್ಪನ್ನು ವಾರ ವಾರವೂ ನೋಡಿ ನನಗೆ ಬೇಸರವಾಗಿದೆ.

ಪ್ರಶ್ನೆ: ಅಮ್ಮನಿಗೆ 61 ವರ್ಷ, ಶುಗರ್ ಇದೆ. ಬಲ ಮಣಿಕಟ್ಟು ಮುರಿದು 6 ವಾರ ಪ್ಲಾಸ್ಟರ್ ಹಾಕಿದ್ದರು. ಅಷ್ಟೂ ದಿನ ಹಗಲು ರಾತ್ರಿ ಸ್ಲಿಂಗ್ ತೆಗೆಯದಂತೆ ನೋಡಿಕೊಂಡೆವು. ಈಗ ಮೂಳೆ ಕೂಡಿದೆ, ಆದರೆ ಕೈ ಮೇಲಕ್ಕೆ ಏಳುತ್ತಿಲ್ಲ, ತಲೆ ಬಾಚಿಕೊಳ್ಳಲು ಆಗುತ್ತಿಲ್ಲ. ಇನ್ನೂ ಒಳ್ಳೆಯ ಸ್ಲಿಂಗ್ ಯಾವುದು? (ತಿಪಟೂರು)

ಯಾವುದೂ ಬೇಡ. ಇರುವುದನ್ನೂ ಇವತ್ತೇ ತೆಗೆದಿಡಿ.

ನೀವು ಪ್ರೀತಿಯಿಂದಲೇ ನೋಡಿಕೊಂಡಿದ್ದೀರಿ, ಗೊತ್ತು. ಆದರೆ ಅಮ್ಮನ ಭುಜ ಹಿಡಿದದ್ದು ಬಿದ್ದಿದ್ದರಿಂದ ಅಲ್ಲ, ಆರು ವಾರ ಅಲುಗಾಡದೆ ಇದ್ದದ್ದರಿಂದ. ಸ್ಲಿಂಗ್ ಮೂಳೆಯನ್ನು ಕೂಡಿಸುವುದಿಲ್ಲ. ಮಣಿಕಟ್ಟನ್ನು ಕಾಯುವುದು ಪ್ಲಾಸ್ಟರ್. ಸ್ಲಿಂಗ್ ಕೈಯ ಭಾರ ಹೊರುತ್ತದೆ, ಅಷ್ಟೇ.

ಭುಜದ ಕೀಲಿನ ಸುತ್ತ ಒಂದು ತೆಳುವಾದ ಚೀಲ ಇರುತ್ತದೆ. ಕೈ ಇಳಿಬಿಟ್ಟಾಗ ಅದರ ಕೆಳಭಾಗ ಮಡಿಕೆಯಾಗಿ ಸಡಿಲವಾಗಿರುತ್ತದೆ. ಕೈ ಎತ್ತಿದಾಗ ಆ ಮಡಿಕೆ ಬಿಚ್ಚಿಕೊಳ್ಳುತ್ತದೆ. ಕೈಯನ್ನು ವಾರಗಟ್ಟಲೆ ಎದೆಗೆ ಅಂಟಿಸಿಟ್ಟರೆ ಚೀಲ ಬಿಗಿದುಕೊಳ್ಳುತ್ತದೆ. ಆಮೇಲೆ ಮೇಲೆತ್ತುವುದೂ ಕಷ್ಟ, ಬೆನ್ನ ಹಿಂದೆ ಒಯ್ದು ಕುಪ್ಪಸ ಸರಿಮಾಡಿಕೊಳ್ಳುವುದೂ ಕಷ್ಟ. ಶುಗರ್ ಇರುವವರಿಗೆ ಭುಜ ಹೀಗೆ ಹಿಡಿದುಕೊಳ್ಳುವುದು ಜಾಸ್ತಿ, ಬಿಡುವುದು ನಿಧಾನ. ಹಾಗಾಗಿ ಶುಗರ್ ಇರುವ ಮನೆಯಲ್ಲಿ ಸ್ಲಿಂಗ್ ವಿಷಯದಲ್ಲಿ ನಾನು ಇನ್ನೂ ಕಟ್ಟುನಿಟ್ಟು.

ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಈಗಷ್ಟೇ ಮನೆಗೆ ಬಂದವರು ಇದನ್ನು ಗಮನವಿಟ್ಟು ಓದಿ. ಮೊದಲ ಕೆಲವು ದಿನ ಊತ ಇರುತ್ತದೆ. ಕೂತಾಗ, ಮಲಗಿದಾಗ ಕೈಯನ್ನು ದಿಂಬಿನ ಮೇಲೆ ಎದೆಗಿಂತ ಎತ್ತರಕ್ಕೆ ಇಡಿ. ಸ್ಲಿಂಗ್ ಬೇಕಾಗುವುದು ಓಡಾಡುವಾಗ, ಬಸ್ಸಿನಲ್ಲಿ, ಜನಜಂಗುಳಿಯಲ್ಲಿ. ದಿನಕ್ಕೆ ಐದಾರು ಸಲ ಅದನ್ನು ತೆಗೆದು, ಪ್ಲಾಸ್ಟರ್ ಸಮೇತ ಕೈಯನ್ನು ತಲೆಯ ಮೇಲಕ್ಕೆ ಹತ್ತು ಸಲ ಎತ್ತಿ ಇಳಿಸಿ. ಮೊಣಕೈ ಮಡಚಿ ಬಿಡಿಸಿ. ಬೆರಳುಗಳನ್ನು ಮುಷ್ಟಿ ಕಟ್ಟಿ ಬಿಡಿಸಿ. ಪ್ಲಾಸ್ಟರ್ ಹಾಕುವಾಗ ಬೆರಳುಗಳನ್ನು ಹೊರಗೆ ಬಿಟ್ಟಿರುವುದು ಅದಕ್ಕೇ ಅಲ್ವಾ? ಊತ ಇಳಿದ ಮೇಲೆ ಮನೆಯೊಳಗೆ ಸ್ಲಿಂಗ್ ಬೇಕಾಗುವುದೇ ಇಲ್ಲ.

ಇನ್ನು ಅಮ್ಮನ ವಿಷಯ. ಹತ್ತು ನಿಮಿಷ ಭುಜಕ್ಕೆ ಬಿಸಿ ನೀರಿನ ಶಾಖ ಕೊಡಿ. ಆಮೇಲೆ ಎಡಗೈಯನ್ನು ಮೇಜಿನ ಮೇಲೆ ಊರಿ, ಮುಂದಕ್ಕೆ ಬಾಗಿ, ಬಲಗೈಯನ್ನು ಸಡಿಲವಾಗಿ ಇಳಿಬಿಟ್ಟು ತೊಟ್ಟಿಲಿನಂತೆ ತೂಗಲಿ. ಈ ವ್ಯಾಯಾಮಕ್ಕೆ ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್ಮನ್ ಹೆಸರಿದೆ. ಭುಜ ಹೀಗೆ ಹಿಡಿದುಕೊಳ್ಳುವುದಕ್ಕೆ 'ಫ್ರೋಜನ್ ಶೋಲ್ಡರ್' ಅಂತ 1934ರಲ್ಲಿ ಹೆಸರಿಟ್ಟವರೂ ಅವರೇ. ಆಮೇಲೆ ಗೋಡೆಗೆ ಎದುರು ನಿಂತು ಬೆರಳುಗಳನ್ನು ಮೇಲಕ್ಕೆ ಹತ್ತಿಸಲಿ. ಎಷ್ಟು ಎತ್ತರ ಹೋಯಿತು ಅಂತ ಪೆನ್ಸಿಲಿನಲ್ಲಿ ಗೆರೆ ಹಾಕಿ. ಊಟಕ್ಕೆ ಅದೇ ಕೈಯಲ್ಲಿ ಅನ್ನ ಕಲಸಲಿ. ಸ್ವಲ್ಪ ನೋವು ಬರುತ್ತದೆ, ಬರಲಿ. ವ್ಯಾಯಾಮ ನಿಲ್ಲಿಸಿ ಒಂದು ಗಂಟೆಯಾದರೂ ನೋವು ಇಳಿಯದಿದ್ದರೆ ಮರುದಿನ ಕಡಿಮೆ ಮಾಡಿ. ಯಾರಾದರೂ 'ಒಂದೇ ಸಲ ಎಳೆದು ಬಿಡಿಸುತ್ತೇನೆ' ಅಂದರೆ ಕೈ ಕೊಡಬೇಡಿ. ಇದಕ್ಕೆ ತಿಂಗಳುಗಳೇ ಬೇಕು. ಬೆರಳುಗಳು ಊದಿ ಹೊಳೆಯುತ್ತಿದ್ದರೆ, ಉರಿಯುತ್ತಿದ್ದರೆ, ಮುಟ್ಟಿದರೆ ಸಹಿಸಲಾಗದಿದ್ದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿ.

ಒಂದು ಎಚ್ಚರಿಕೆ. ಭುಜದ ಕೀಲು ತಪ್ಪಿದವರು, ಭುಜದ ಆಪರೇಷನ್ ಆದವರು, ತೋಳಿನ ಮೂಳೆ ಮುರಿದವರು ಇದನ್ನು ಓದಿ ಸ್ಲಿಂಗ್ ತೆಗೆಯಬೇಡಿ. ನಿಮ್ಮ ಲೆಕ್ಕವೇ ಬೇರೆ. ನಿಮ್ಮ ಸರ್ಜನ್ ಹೇಳಿದಷ್ಟು ದಿನ ಹಾಕಲೇಬೇಕು.

ಪ್ರಶ್ನೆ: ತೋಳಿನ ಮೂಳೆ ನಡುವೆ ಮುರಿದಿದೆ. ಆಸ್ಪತ್ರೆಯಲ್ಲಿ ಕತ್ತಿಗೂ ಮಣಿಕಟ್ಟಿಗೂ ಬರೀ ಒಂದು ಪಟ್ಟಿ ಕಟ್ಟಿ ಕಳಿಸಿದರು. ಮೊಣಕೈ ಜೋತಾಡುತ್ತದೆ. ಮೆಡಿಕಲ್ ಶಾಪಿನವರು ಮೊಣಕೈಗೂ ಆಸರೆ ಇರುವ ಪೌಚ್ ಕೊಟ್ಟಿದ್ದಾರೆ. ಹಾಕಬಹುದಾ?

ಬೇಡ. ಮೊಣಕೈ ಜೋತಾಡಲಿ ಅಂತಲೇ ಹಾಗೆ ಕಟ್ಟಿದ್ದಾರೆ. ಕೈಯ ಭಾರವೇ ಮುರಿದ ತುಂಡನ್ನು ಕೆಳಕ್ಕೆ ಎಳೆದು ನೇರವಾಗಿ ನಿಲ್ಲಿಸುತ್ತದೆ. ಪೌಚ್ ಮೊಣಕೈಯನ್ನು ಮೇಲಕ್ಕೆ ತಳ್ಳಿ ಅದನ್ನು ಕೆಡಿಸುತ್ತದೆ. ನಿಮ್ಮ ಎಕ್ಸ್‌ರೇ ನೋಡದವರ ಸಲಹೆ ಕೇಳಬೇಡಿ. ಒರಗಿ ಕೂತೇ ನಿದ್ದೆ ಮಾಡಿ.

ಪ್ರಶ್ನೆ: ಕಾಲರ್ ಬೋನ್ ಮುರಿದಿದೆ. ಬೆನ್ನ ಹಿಂದೆ ಎಂಟರ ಆಕಾರದಲ್ಲಿ ಬಿಗಿಯುವ ಬೆಲ್ಟ್ ಒಳ್ಳೆಯದಾ, ಸ್ಲಿಂಗ್ ಒಳ್ಳೆಯದಾ?

ಹೆಚ್ಚಿನವರಿಗೆ ಸ್ಲಿಂಗ್ ಸಾಕು. ಆ ಬೆಲ್ಟಿನಿಂದ ಮೂಳೆ ಹೆಚ್ಚು ಚೆನ್ನಾಗಿ ಕೂಡುವುದಿಲ್ಲ, ಕಂಕುಳು ಮಾತ್ರ ನೋಯುತ್ತದೆ.

ಪ್ರಶ್ನೆ: ಮಗನಿಗೆ 7 ವರ್ಷ. ಮರದಿಂದ ಬಿದ್ದು ಮೊಣಕೈಗೆ ಪೆಟ್ಟು. ನಾಟಿ ಕಟ್ಟು ಹಾಕಿಸಿದೆವು. ಬೆರಳು ಊದಿ ಜೋಮು ಹಿಡಿದಿದೆ, ರಾತ್ರಿಯೆಲ್ಲ ಅಳುತ್ತಾನೆ. ಮೂರು ದಿನ ಬಿಚ್ಚಬಾರದು ಅಂದಿದ್ದಾರೆ.

ಈ ಪ್ರಶ್ನೆ ಓದಿದ ಕೂಡಲೇ ಫೋನ್ ಮಾಡಿ ಆಸ್ಪತ್ರೆಗೆ ಕಳಿಸಿದೆ. ಇಲ್ಲಿ ಹಾಕಿರುವುದು ಉಳಿದವರಿಗಾಗಿ. ಮೊಣಕೈ ಪೆಟ್ಟಿನ ಮೇಲೆ ಬಿಗಿಯಾಗಿ ಕಟ್ಟಿದರೆ ಊತಕ್ಕೆ ಹೊರಗೆ ಹೋಗಲು ದಾರಿ ಇಲ್ಲ. ಅದು ಒಳಗೇ ಒತ್ತಿ ರಕ್ತ ಹರಿಯುವುದನ್ನು ನಿಲ್ಲಿಸುತ್ತದೆ. ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯಲು ಶುರುವಾಗುತ್ತದೆ. ಆಮೇಲೆ ಬೆರಳುಗಳು ಮಡಚಿಕೊಂಡು ಹಾಗೇ ಉಳಿದುಬಿಡುತ್ತವೆ. ಜರ್ಮನಿಯ ಫೋಲ್ಕ್‌ಮನ್ ಎಂಬ ಸರ್ಜನ್ 1881ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಇಷ್ಟು ವರ್ಷವಾದರೂ 'ಬಿಗಿ ಇದ್ದಷ್ಟೂ ಬೇಗ ಕೂಡುತ್ತದೆ' ಅನ್ನುವವರನ್ನು ನಂಬಿ ಮಕ್ಕಳ ಕೈ ಹಾಳಾಗುತ್ತಿದೆ. ಆಸ್ಪತ್ರೆಯ ಪ್ಲಾಸ್ಟರಿಗೂ ಇದೇ ಮಾತು. ನೋವು ಏರುತ್ತಲೇ ಹೋದರೆ, ಬೆರಳನ್ನು ಮೆಲ್ಲಗೆ ನೇರ ಮಾಡಿದರೂ ಮಗು ಚೀರಿದರೆ, ಬಣ್ಣ ಬಿಳಿಚಿದರೆ ಅಥವಾ ನೀಲಿಗಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ. ಮಧ್ಯರಾತ್ರಿಯಾದರೂ ಹೊರಡಿ.

ಪ್ರಶ್ನೆ: ಮೊಣಕೈ ಬಿಗಿತಕ್ಕೆ ಎಣ್ಣೆ ತಿಕ್ಕಿ ನೀವಿಸಬಹುದಾ?

ಖಂಡಿತ ಬೇಡ. ಪೆಟ್ಟಾದ ಮೊಣಕೈಯನ್ನು ಜೋರಾಗಿ ನೀವಿದರೆ ಸ್ನಾಯುವಿನೊಳಗೆ ಮೂಳೆ ಬೆಳೆಯಬಹುದು.

ಪ್ರಶ್ನೆ: ಸ್ಲಿಂಗ್ ಹಾಕಿಕೊಂಡು ಒಂದೇ ಕೈಯಲ್ಲಿ ಸ್ಕೂಟರ್ ಓಡಿಸಬಹುದಾ?

ಇಲ್ಲ.

ಪ್ರಶ್ನೆ: ಸ್ಲಿಂಗಿನಿಂದ ಕತ್ತು ನೋವು, ಅಂಗೈ ಊತ. ದುಬಾರಿಯದು ತೆಗೆದುಕೊಳ್ಳಲೇ?

ಇರುವುದನ್ನೇ ಸರಿಯಾಗಿ ಹಾಕಿ. ಮೊಣಕೈ ಪೌಚಿನ ಮೂಲೆಗೆ ಪೂರ್ತಿ ಕೂರಬೇಕು. ಅಂಗೈ ಮೊಣಕೈಗಿಂತ ಒಂದಿಷ್ಟು ಮೇಲಿರಬೇಕು. ಕಿರುಬೆರಳಿನ ಬುಡದ ತನಕ ಬಟ್ಟೆ ಬರಬೇಕು, ಮಣಿಕಟ್ಟು ಹೊರಗೆ ಜೋತಾಡಿದರೆ ಅಳತೆ ಚಿಕ್ಕದು ಅಂತ ಅರ್ಥ. ಪಟ್ಟಿಯ ಕೆಳಗೆ ಮಡಚಿದ ಹತ್ತಿ ಬಟ್ಟೆ ಇಡಿ. ಉಂಗುರ ಇದ್ದರೆ ಈಗಲೇ ತೆಗೆಯಿರಿ, ಊತ ಹೆಚ್ಚಾದರೆ ಕತ್ತರಿಸಿಯೇ ತೆಗೆಯಬೇಕಾಗುತ್ತದೆ.