ದಿನಾಂಕದಿಂದ ಫೈಲಿಗೆ ಹೆಸರು: ಯಾವ ಕ್ರಮ ಸರಿ?

ಪ್ರಶ್ನೆ: ಮಾನ್ಯರೇ, ನಾನು ದಾಲ್ ಮಿಲ್ ಒಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಪ್ರತಿದಿನದ ತೊಗರಿ ಆವಕದ ವರದಿಯನ್ನು ಅಂದಂದಿನ ದಿನಾಂಕದ ಹೆಸರಿನಲ್ಲಿ ಉಳಿಸಲು ಪೈಥಾನ್‌ನಲ್ಲಿ ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. 05/12/2024 ಎಂದು ಹೆಸರು ಕೊಟ್ಟರೆ ಫೈಲ್ ಸಿಗಲಿಲ್ಲವೆಂಬ ದೋಷ ಬರುತ್ತದೆ. ಓರೆಗೆರೆ ತೆಗೆದು ಅಡ್ಡಗೆರೆ ಹಾಕಿದರೆ ಫೈಲ್ ಉಳಿಯುತ್ತದೆ, ಆದರೆ ಡಿಸೆಂಬರ್ ಮತ್ತು ಜನವರಿಯ ವರದಿಗಳು ಪಟ್ಟಿಯಲ್ಲಿ ಬೆರೆತುಹೋಗುತ್ತವೆ. ಏನು ಮಾಡಬೇಕು?
– ಓದುಗರೊಬ್ಬರು, ಕಲಬುರಗಿ

ಉತ್ತರ: ಓರೆಗೆರೆಯು ಫೋಲ್ಡರುಗಳನ್ನು ಬೇರ್ಪಡಿಸುವ ಚಿಹ್ನೆಯಾದ್ದರಿಂದ, ನಿಮ್ಮ ಪ್ರೋಗ್ರಾಂ 05 ಎಂಬ ಫೋಲ್ಡರನ್ನೂ ಅದರೊಳಗೆ 12 ಎಂಬ ಇನ್ನೊಂದನ್ನೂ ಹುಡುಕಿ, ಅವು ಇಲ್ಲದ ಕಾರಣ ದೋಷ ತೋರಿಸುತ್ತಿದೆ. ವಿಂಡೋಸ್‌ನಲ್ಲಿ ಫೈಲಿನ ಹೆಸರಿಗೆ ಕೋಲನ್ (:) ಸಹ ಸಲ್ಲದು. ಆದ್ದರಿಂದ ಮುಂದೆ ಗಂಟೆ, ನಿಮಿಷಗಳನ್ನು ಸೇರಿಸುವಾಗಲೂ ಅಡ್ಡಗೆರೆಯನ್ನೇ ಬಳಸಿರಿ.

ಬೆರೆಯುವುದಕ್ಕೆ ಕಾರಣ ದಿನವನ್ನು ಮೊದಲು ಬರೆದಿರುವುದು. ಹೆಸರುಗಳ ಹೋಲಿಕೆ ಎಡದಿಂದ ಬಲಕ್ಕೆ ನಡೆಯುವುದರಿಂದ 01-12-2024ರ ಹಿಂದೆ 01-01-2025, ಮುಂದೆ 02-01-2025 ಬಂದು ಕೂರುತ್ತವೆ. ತೊಗರಿಯ ಆವಕ ಡಿಸೆಂಬರಿನಲ್ಲಿ ಶುರುವಾಗಿ ಹೊಸ ವರ್ಷಕ್ಕೂ ದಾಟುವ ನಿಮ್ಮಂತಹ ಕಡೆ, ಸುಗ್ಗಿಯ ನಡುವೆಯೇ ಈ ತೊಡಕು ಎದುರಾಗುತ್ತದೆ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ, ಒಂದಂಕಿಯ ಸಂಖ್ಯೆಗೆ ಮುಂದೆ ಸೊನ್ನೆ ಹಚ್ಚಿ 2024-12-05 ಎಂದು ಬರೆದರೆ ಹೆಸರಿನ ಕ್ರಮವೂ ಕಾಲದ ಕ್ರಮವೂ ಒಂದೇ ಆಗುತ್ತವೆ. 1988ರಲ್ಲಿ ಮೊದಲು ಪ್ರಕಟವಾದ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುವುದೂ ಇದೇ ಕ್ರಮವನ್ನು.

ಪೈಥಾನ್‌ನಲ್ಲಿ ದಿನಾಂಕದ ಮೇಲೆ ಐಸೊಫಾರ್ಮ್ಯಾಟ್ ಎಂಬ ವಿಧಾನವನ್ನು ಕರೆದರೆ ಈ ರೂಪ ನೇರವಾಗಿ ಸಿಗುತ್ತದೆ. ವರ್ಷ, ತಿಂಗಳುಗಳನ್ನು ಸೂಚಿಸುವ ಸಂಕೇತಾಕ್ಷರಗಳಿಂದ ಹೆಸರನ್ನು ನೀವೇ ಕಟ್ಟುವುದಾದರೆ ಒಂದು ಎಚ್ಚರ ಬೇಕು: ಅಲ್ಲಿ ಸಣ್ಣ ಎಂ ತಿಂಗಳು, ದೊಡ್ಡ ಎಂ ನಿಮಿಷ. ಜಾವಾ ಮತ್ತು ಪವರ್‌ಶೆಲ್ ಎಂಬ ಬೇರೆ ಪ್ರೋಗ್ರಾಂ ಭಾಷೆಗಳಲ್ಲಿ ಇದು ತಿರುವುಮುರುವು. ಜಾವಾದಲ್ಲಿ ವರ್ಷಕ್ಕೆ ಸಣ್ಣ ವೈ ಬದಲು ದೊಡ್ಡ ವೈ ಬರೆದರೆ ಆ ವಾರ ಯಾವ ವರ್ಷದ ಲೆಕ್ಕಕ್ಕೆ ಸೇರುತ್ತದೆಯೋ ಆ ವರ್ಷ ಬಂದು, 2024ರ ಡಿಸೆಂಬರ್ 30ರ ವರದಿ 2025ರ ಹೆಸರು ಹೊರುತ್ತದೆ. ವರ್ಷವಿಡೀ ಸರಿಯಾಗಿದ್ದು ಕೊನೆಯ ವಾರದಲ್ಲಷ್ಟೇ ಕೆಡುವ ಇಂತಹ ದೋಷ ಪರೀಕ್ಷೆಯಲ್ಲಿ ಕಣ್ಣಿಗೆ ಬೀಳುವುದಿಲ್ಲ.

ನೀವು ಕೇಳದಿದ್ದರೂ ಇವೆಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಫೈಲಿಗೆ ಇರಬೇಕಾದದ್ದು ಲೆಕ್ಕದ ದಿನಾಂಕವೇ ಹೊರತು ಪ್ರೋಗ್ರಾಂ ಓಡಿದ ದಿನಾಂಕವಲ್ಲ. ಲಾರಿಗಳು ತಡವಾಗಿ ಬಂದು 5ನೇ ತಾರೀಖಿನ ಲೆಕ್ಕವನ್ನು ಮಧ್ಯರಾತ್ರಿ ಕಳೆದ ಮೇಲೆ ಮುಗಿಸಿದರೆ, ಗಡಿಯಾರವನ್ನು ನಂಬಿದ ಪ್ರೋಗ್ರಾಂ ಅದಕ್ಕೆ 6ನೇ ತಾರೀಖಿನ ಹೆಸರಿಡುತ್ತದೆ. ಮರುದಿನ ನಿಜವಾದ 6ರ ವರದಿ ಅದೇ ಹೆಸರಿನಲ್ಲಿ ಬಂದು ಹಿಂದಿನದನ್ನು ಅಳಿಸಿಬಿಡುತ್ತದೆ. ಆದ್ದರಿಂದ ಲೆಕ್ಕದ ದಿನಾಂಕವನ್ನು ಬಳಕೆದಾರರಿಂದ ಕೇಳಿ ಪಡೆಯಿರಿ, ಇಂದಿನ ದಿನಾಂಕವನ್ನು ಕೇವಲ ಸೂಚನೆಯಾಗಿ ತೋರಿಸಿರಿ. ಹಾಗೆ ಪಡೆದದ್ದನ್ನು ಒಮ್ಮೆ ಇಟ್ಟುಕೊಂಡು ಹೆಸರಿಗೂ ಒಳಗಿನ ತಲೆಬರಹಕ್ಕೂ ಅದನ್ನೇ ಬಳಸಬೇಕು. ಫೈಲನ್ನು ತೆರೆಯುವಾಗ ಹಳೆಯದನ್ನು ಅಳಿಸಿ ಬರೆಯುವ ಡಬ್ಲ್ಯೂ ಎಂಬ ವಿಧದ ಬದಲು ಎಕ್ಸ್ ಎಂಬ ವಿಧವನ್ನು ಕೊಟ್ಟರೆ, ಅದೇ ಹೆಸರಿನ ಫೈಲ್ ಈಗಾಗಲೇ ಇದ್ದಾಗ ಪೈಥಾನ್ ಅದನ್ನು ಅಳಿಸದೆ ದೋಷ ತೋರಿಸಿ ನಿಲ್ಲುತ್ತದೆ.

ಪ್ರೋಗ್ರಾಂ ಮುಂದೆ ಬಾಡಿಗೆ ಸರ್ವರಿಗೆ ಹೋದರೆ, ಅಲ್ಲಿನ ಗಡಿಯಾರ ಬಹುಪಾಲು ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿರುತ್ತದೆ. ಅದು ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವುದರಿಂದ ಬೆಳಗಿನ 5.30ರವರೆಗೆ ಅಲ್ಲಿ ನಿನ್ನೆಯ ತಾರೀಖೇ ಇರುತ್ತದೆ. ಆಗ ಏಷ್ಯಾ/ಕೋಲ್ಕತ್ತಾ ಎಂಬ ನಮ್ಮ ಕಾಲವಲಯವನ್ನು ಹೆಸರಿಸಿಯೇ ದಿನಾಂಕ ಕೇಳಬೇಕು.

ಈಗಾಗಲೇ ಇರುವ ಫೈಲುಗಳ ಹೆಸರನ್ನು ಕೈಯಿಂದ ತಿದ್ದಬೇಡಿರಿ. ಇಡೀ ಫೋಲ್ಡರಿನ ನಕಲೊಂದನ್ನು ಬೇರೆಡೆ ತೆಗೆದಿಟ್ಟು, ಹಳೆಯ ಹೆಸರನ್ನು ದಿನ-ತಿಂಗಳು-ವರ್ಷವೆಂದು ಓದಿ ಹೊಸ ಕ್ರಮದಲ್ಲಿ ಬರೆಯುವ ಕೆಲಸವನ್ನು ಪೈಥಾನ್‌ಗೇ ವಹಿಸಿರಿ; ಕೆಲಸ ಮುಗಿದ ಮೇಲೆ ಎರಡೂ ಕಡೆಯ ಫೈಲುಗಳ ಸಂಖ್ಯೆಯನ್ನು ತಾಳೆ ನೋಡಿರಿ.