ಪಿಸ್ತೂಲಿಗಿಂತ ಮೊದಲು ಹೋಲ್ಸ್ಟರ್ ನೋಡಿ

ನಮಸ್ಕಾರ ಸರ್. ನೀವು ಕೇಳಿದ್ದು ಇಷ್ಟು. ಹೋದ ವರ್ಷ ಗ್ರೀನ್ ಕಾರ್ಡ್ ಬಂದಿದೆ, ಡಲ್ಲಾಸ್ ಹತ್ತಿರ ಸ್ವಂತ ಅಂಗಡಿ ಇದೆ. ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕಿ ಒಬ್ಬರೇ ಕಾರಿನವರೆಗೆ ನಡೆಯಬೇಕು. ದಿನಾ ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಳ್ಳೋಕೆ ಗ್ಲಾಕ್ 19 ಒಳ್ಳೆಯದಾ, ಸಿಗ್ ಪಿ365 ಒಳ್ಳೆಯದಾ? ಅದನ್ನು ಸೊಂಟಕ್ಕೆ ಸಿಕ್ಕಿಸುವ ಒರೆ, ಅಂದರೆ ಹೋಲ್ಸ್ಟರ್, 20 ಡಾಲರಿನ ಬಟ್ಟೆಯದು ಸಾಕಾ? ಮನೆಯಲ್ಲಿ ನಾಲ್ಕು ಮತ್ತು ಒಂಬತ್ತು ವರ್ಷದ ಮಕ್ಕಳಿದ್ದಾರೆ. ಎಚ್-1ಬಿ ಮೇಲಿರುವ ಸ್ನೇಹಿತರೊಬ್ಬರೂ ನಿಮ್ಮ ಜೊತೆ ಒಂದು ಕೊಳ್ಳಬೇಕು ಅಂತಿದ್ದಾರೆ.

ಸ್ನೇಹಿತರ ವಿಷಯ ಮೊದಲು ಹೇಳಿಬಿಡುತ್ತೇನೆ. ಅದರಲ್ಲಿ ಎಡವಿದರೆ ಜೈಲೂ ಉಂಟು, ದೇಶ ಬಿಡುವುದೂ ಉಂಟು. ಎಚ್-1ಬಿ, ಎಲ್-1, ಎಫ್-1 ಇವೆಲ್ಲ ಇಲ್ಲಿ ತಾತ್ಕಾಲಿಕ ವೀಸಾಗಳು. ತಾತ್ಕಾಲಿಕ ವೀಸಾದಲ್ಲಿ ಇರುವವರು ಗನ್ ಆಗಲಿ ಗುಂಡಾಗಲಿ ಇಟ್ಟುಕೊಳ್ಳಬಾರದು ಅಂತ ಫೆಡರಲ್ ಕಾನೂನೇ ಹೇಳುತ್ತದೆ. ವಿನಾಯಿತಿಗಳು ಕೆಲವೇ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ಒಂದು ವಿನಾಯಿತಿ ಇದೆ, ಆದರೆ ಅದನ್ನು ನಂಬಿಕೊಂಡು ಹೊರಡುವ ಮೊದಲು ವಲಸೆ ವಕೀಲರನ್ನು ಕೇಳಲೇಬೇಕು. "ಶೂಟಿಂಗ್ ರೇಂಜಿನಲ್ಲಿ ಬಾಡಿಗೆಗೆ ತಗೊಂಡು ಹತ್ತು ಸುತ್ತು ಹೊಡೆದರೆ ಏನಾಗುತ್ತೆ" ಅಂತ ಸುಮಾರು ಜನ ಕೇಳುತ್ತಾರೆ. ಕಾನೂನಿನ ಲೆಕ್ಕದಲ್ಲಿ ಕೈಯಲ್ಲಿ ಹಿಡಿದರೂ ಇಟ್ಟುಕೊಂಡ ಹಾಗೇ. ಗ್ರೀನ್ ಕಾರ್ಡ್ ಬಂದವರಿಗೆ ಈ ತಡೆ ಇಲ್ಲ, ಅಂಗಡಿಯಲ್ಲಿ 4473 ಫಾರ್ಮ್ ತುಂಬಿ, ಹಿನ್ನೆಲೆ ತಪಾಸಣೆ ಮುಗಿಸಿ ಕೊಳ್ಳಬಹುದು. ನಿಮ್ಮ ಹೆಸರಿನಲ್ಲಿ ಸ್ನೇಹಿತರಿಗಾಗಿ ಕೊಂಡುಕೊಡುವುದು ಬೇರೆಯದೇ ಅಪರಾಧ. ದಯವಿಟ್ಟು ಸ್ನೇಹಕ್ಕೆ ಕಟ್ಟುಬಿದ್ದು ಆ ಕೆಲಸ ಮಾಡಬೇಡಿ.

ಊರಿಂದ ಅಪ್ಪ ಅಮ್ಮ ವಿಸಿಟರ್ ವೀಸಾದಲ್ಲಿ ಬಂದು ಆರು ತಿಂಗಳು ಇರುತ್ತಾರಲ್ಲ, ಅವರಿಗೂ ಇದೇ ಕಾನೂನು. "ನೋಡೋಣ ಕೊಡು" ಅಂದರೂ ಕೈಗೆ ಕೊಡಬೇಡಿ. ಲಾಕರಿನ ನಂಬರ್ ಅವರಿಗೆ ಗೊತ್ತಿರುವುದೂ ಬೇಡ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಯಾವ ಪಿಸ್ತೂಲು ಅಂತ ಎಲ್ಲರೂ ಕೇಳುತ್ತಾರೆ. ಗ್ಲಾಕ್, ಸಿಗ್, ಸ್ಮಿತ್ ಅಂಡ್ ವೆಸ್ಸನ್ ಯಾವುದನ್ನು ಕೊಂಡರೂ ಅದು ಹೊಡೆಯಬೇಕಾದಾಗ ಹೊಡೆಯುತ್ತದೆ. ನನಗೆ ಚಿಂತೆ ಇರುವುದು ಹೊಡೆಯಬಾರದಾಗ ಹೊಡೆಯುವುದರ ಬಗ್ಗೆ. ದಿನಾ ಇಟ್ಟುಕೊಳ್ಳುವವನು ಅದನ್ನು ಹಾಕುತ್ತಾನೆ, ತೆಗೆಯುತ್ತಾನೆ, ಟಾಯ್ಲೆಟ್ಟಿಗೆ ಹೋಗುತ್ತಾನೆ, ಕಾರು ಹತ್ತುತ್ತಾನೆ. ವರ್ಷಕ್ಕೆ ಸಾವಿರ ಸಲ ಕೈ ಹತ್ತಿರ ಹೋಗುತ್ತದೆ. ಕೈತಪ್ಪುವುದು ಆಗಲೇ. ಆ ಸಾವಿರ ಸಲವೂ ಟ್ರಿಗರನ್ನು ಮುಚ್ಚಿಟ್ಟು ಕಾಯುವುದು ಹೋಲ್ಸ್ಟರ್. ಅದಕ್ಕೇ ಹೋಲ್ಸ್ಟರ್ ಮೊದಲು ಅನ್ನುವುದು.

ನಾನು ಮಾಡಿದ ತಪ್ಪನ್ನೇ ಹೇಳುತ್ತೇನೆ. ಮೊದಲ ಸಲ ನಾನೂ ಮೆತ್ತನೆಯ ನೈಲಾನ್ ಚೀಲವನ್ನೇ ತಗೊಂಡಿದ್ದೆ. ಎಲ್ಲಾ ಪಿಸ್ತೂಲಿಗೂ ಆಗುತ್ತೆ ಅಂತ ಬರೆದಿತ್ತು. ರೇಂಜಿನಲ್ಲಿ ಮೊದಲ ಸಲ ಎಳೆದಾಗ ಪಿಸ್ತೂಲಿನ ಜೊತೆ ಚೀಲವೂ ಕಿತ್ತುಕೊಂಡು ಬಂತು. ಅದು ಸಣ್ಣದು. ದೊಡ್ಡದು ವಾಪಸ್ ಹಾಕುವಾಗ ಆಯಿತು. ಖಾಲಿಯಾದ ಚೀಲದ ಬಾಯಿ ಸೊಂಟದ ಒತ್ತಡಕ್ಕೆ ಮುಚ್ಚಿಕೊಂಡಿತ್ತು. ನಾನು ಗುರಿ ಹಲಗೆ ನೋಡುತ್ತಲೇ ನಳಿಗೆಯ ತುದಿಯಿಂದ ಬಾಯಿ ಅಗಲಿಸಿ ಒಳಗೆ ತಳ್ಳಿದೆ. ಅರ್ಧಕ್ಕೆ ಏನೋ ಒತ್ತಿದ ಹಾಗೆ ಅನ್ನಿಸಿತು. ಹಿಂದೆ ನಿಂತಿದ್ದ ತರಬೇತುದಾರರು "ನಿಲ್ಲಿಸಿ, ತಳ್ಳಬೇಡಿ" ಅಂದರು. ನಿಧಾನಕ್ಕೆ ಮೇಲೆತ್ತಿ ನೋಡಿದರೆ ನನ್ನ ಅಂಗಿಯ ಅಂಚು ಸುರುಳಿ ಸುತ್ತಿಕೊಂಡು ಟ್ರಿಗರಿನ ಬಳೆಯೊಳಗೆ ಕೂತಿತ್ತು. ಇನ್ನೊಂದು ಕಾಲಿಂಚು ತಳ್ಳಿದ್ದರೆ ಗುಂಡು ನನ್ನ ತೊಡೆಗೇ. ಆ ಚೀಲವನ್ನು ಅಲ್ಲೇ ಕಸದ ಡಬ್ಬಿಗೆ ಹಾಕಿದೆ.

ಹಾಗಾಗಿ 20 ಡಾಲರಿನದು ಬೇಡ. ಒಳ್ಳೆಯ ಹೋಲ್ಸ್ಟರ್ ಹೇಗಿರಬೇಕು ಅಂದರೆ, ನಿಮ್ಮ ಮಾಡೆಲ್ಲಿಗೇ ಅಂತ ಅಚ್ಚು ಹಾಕಿದ್ದಾಗಿರಬೇಕು. ಟ್ರಿಗರಿನ ಬಳೆಯನ್ನು ಗಟ್ಟಿ ವಸ್ತು ಪೂರ್ತಿ ಮುಚ್ಚಬೇಕು, ಹೊರಗಿಂದ ಬೆರಳಿನಿಂದ ಒತ್ತಿದರೂ ಟ್ರಿಗರಿಗೆ ತಾಗಬಾರದು. ಪಿಸ್ತೂಲು ತೆಗೆದ ಮೇಲೂ ಬಾಯಿ ತೆರೆದೇ ಇರಬೇಕು. ಖಾಲಿ ಮಾಡಿದ ಪಿಸ್ತೂಲನ್ನು ಅದರಲ್ಲಿಟ್ಟು ಹಾಸಿಗೆಯ ಮೇಲೆ ತಲೆಕೆಳಗು ಹಿಡಿದು ಅಲ್ಲಾಡಿಸಿ, ಬೀಳಬಾರದು. ಇದಕ್ಕೆಲ್ಲ ಸುಲಭವಾಗಿ ಒದಗುವುದು ಕೈಡೆಕ್ಸ್, ಅಂದರೆ ಬಿಸಿಮಾಡಿ ಅಚ್ಚು ಒತ್ತಿದ ಗಟ್ಟಿ ಪ್ಲಾಸ್ಟಿಕ್. ಒಳ್ಳೆಯ ಚರ್ಮದ್ದೂ ನಡೆಯುತ್ತದೆ, ಮೈಗೆ ಹಿತ. ಆದರೆ ಚರ್ಮ ಹಳೆಯದಾಗಿ ಬಾಯಿ ಸಡಿಲವಾದರೆ ಅದೇ ಮಡಚಿಕೊಂಡು ಟ್ರಿಗರ್ ಮೇಲೆ ಕೂರುತ್ತದೆ. ಟೆಕ್ಸಾಸ್ ಬೇಸಿಗೆಯ ಬೆವರಿಗಂತೂ ಚರ್ಮ ಬೇಗ ಮೆತ್ತಗಾಗುತ್ತದೆ. ನಾನು ಕೈಡೆಕ್ಸನ್ನೇ ಹೇಳುತ್ತೇನೆ.

ಕ್ಲಿಪ್ ಇರುವ ಹೋಲ್ಸ್ಟರ್ ತಗೊಳ್ಳಿ. ಇದರ ಲಾಭ ಕಡಿಮೆ ಜನ ಹೇಳುತ್ತಾರೆ. ರಾತ್ರಿ ಮನೆಗೆ ಬಂದಾಗ ಪಿಸ್ತೂಲನ್ನು ಹೋಲ್ಸ್ಟರಿನಿಂದ ತೆಗೆಯಬೇಡಿ. ಕ್ಲಿಪ್ ಬಿಚ್ಚಿ, ಹೋಲ್ಸ್ಟರ್ ಸಮೇತ ಒಟ್ಟಿಗೆ ತೆಗೆದು, ಹಾಗೇ ಲಾಕರಿಗೆ ಇಡಿ. ಬೆಳಿಗ್ಗೆ ಒಟ್ಟಿಗೇ ಹಾಕಿಕೊಳ್ಳಿ. ಟ್ರಿಗರ್ ಗಾಳಿಗೆ ಬರುವುದೇ ಇಲ್ಲ.

ಬೆಲ್ಟ್ ಮರೆಯಬೇಡಿ. ಮಾಮೂಲಿ ಬೆಲ್ಟಿಗೆ ಅಷ್ಟು ಭಾರ ಹಾಕಿದರೆ ಮಧ್ಯಾಹ್ನಕ್ಕೆ ಹೊರಗೆ ವಾಲುತ್ತದೆ, ಹಿಡಿಕೆ ಅಂಗಿಯ ಹಿಂದೆ ಎದ್ದು ಕಾಣುತ್ತದೆ. ಗಟ್ಟಿಯಾಗಿ ನಿಲ್ಲುವ ಒಂದೂವರೆ ಇಂಚಿನ ಬೆಲ್ಟ್ ಬೇಕು. ಹೋಲ್ಸ್ಟರಿಗೂ ಬೆಲ್ಟಿಗೂ ಸೇರಿ 150 ಡಾಲರ್ ಎತ್ತಿಡಿ. ಆಮೇಲೆ ಉಳಿದದ್ದರಲ್ಲಿ ಪಿಸ್ತೂಲು.

ಸೊಂಟದಲ್ಲಿ ಎಲ್ಲಿ ಅನ್ನುವುದಕ್ಕೆ ಗಡಿಯಾರದ ಲೆಕ್ಕ ಹೇಳುತ್ತಾರೆ. ಹೊಕ್ಕುಳು 12 ಗಂಟೆ ಅಂದುಕೊಳ್ಳಿ. ಬಲಗೈಯವರಿಗೆ ಪ್ಯಾಂಟಿನೊಳಗೆ 4 ಗಂಟೆಯ ಜಾಗ, ಅಂದರೆ ಸೊಂಟದ ಮೂಳೆಯ ಸ್ವಲ್ಪ ಹಿಂದೆ, ಕೂರೋಕೆ ಹಿತ. ಆದರೆ ಬಗ್ಗಿದರೆ ಅಂಗಿ ಮೇಲೇರಿ ಕಾಣುತ್ತದೆ. ನಮ್ಮವರಲ್ಲಿ ಇದು ಜಾಸ್ತಿ ಆಗುತ್ತೆ. ಯಾರದೋ ಮನೆಗೆ ಹೋಗುತ್ತೀರಿ, ಹಿರಿಯರ ಕಾಲಿಗೆ ಬಗ್ಗುತ್ತೀರಿ, ಬೆನ್ನಿನ ಮೇಲೆ ಹಿಡಿಕೆಯ ಆಕಾರ ಹಾಗೇ ಮೂಡುತ್ತದೆ. ಸೊಂಟ ಬಗ್ಗಿಸದೆ ಮಂಡಿ ಊರಿ ಕೂರುವ ಅಭ್ಯಾಸ ಮಾಡಿಕೊಳ್ಳಬೇಕು. ಮುಂದೆ, 1 ಗಂಟೆಯ ಜಾಗದಲ್ಲಿ ಇಟ್ಟರೆ ಚೆನ್ನಾಗಿ ಮರೆಯಾಗುತ್ತದೆ, ಬೇಗ ಕೈಗೆ ಸಿಗುತ್ತದೆ. ಮಗುವನ್ನು ಎತ್ತಿಕೊಂಡಾಗಲೂ ನಿಮ್ಮ ಕಣ್ಣೆದುರಿಗೇ ಇರುತ್ತದೆ. ಆದರೆ ನಳಿಗೆ ನಿಮ್ಮದೇ ತೊಡೆಯ ರಕ್ತನಾಳದ ಕಡೆ ನೋಡುತ್ತಿರುತ್ತದೆ. ಮೊದಲ ವರ್ಷ ನೀವು 4 ಗಂಟೆಯಲ್ಲೇ ಇಡಿ ಅನ್ನುತ್ತೇನೆ.

ವಾಪಸ್ ಹಾಕುವಾಗ ಆತುರ ಅನ್ನುವುದೇ ಬೇಡ. ಎಡಗೈಯಿಂದ ಅಂಗಿ ಪೂರ್ತಿ ಎತ್ತಿ ಹಿಡಿಯಿರಿ, ಕಣ್ಣಿನಿಂದ ಹೋಲ್ಸ್ಟರಿನ ಬಾಯಿ ನೋಡಿ, ಬೆರಳು ಸ್ಲೈಡಿನ, ಅಂದರೆ ಪಿಸ್ತೂಲಿನ ಮೇಲಿನ ಜಾರುವ ಭಾಗದ, ಪಕ್ಕಕ್ಕೆ ಉದ್ದ ಇಟ್ಟು ನಿಧಾನಕ್ಕೆ ಇಳಿಸಿ. ಚಳಿಗಾಲದ ಜಾಕೆಟ್ಟಿನ ಸೊಂಟದಲ್ಲಿ ಎಳೆಯುವ ದಾರ ಇರುತ್ತದಲ್ಲ, ಅದರ ತುದಿಯ ಪ್ಲಾಸ್ಟಿಕ್ ಗುಂಡಿ ಟ್ರಿಗರಿಗೆ ಸಿಕ್ಕಿ ಗುಂಡು ಹಾರಿದ್ದುಂಟು. ಆ ದಾರ ಕತ್ತರಿಸಿಬಿಡಿ. ಪಿಸ್ತೂಲು ಕೈಜಾರಿದರೆ ಹಿಡಿಯೋಕೆ ಹೋಗಬೇಡಿ, ಬೀಳಲಿ. ಗಾಳಿಯಲ್ಲಿ ಹಿಡಿಯುವಾಗಲೇ ಬೆರಳು ಟ್ರಿಗರಿಗೆ ಹೋಗುವುದು.

ಇನ್ನು ಪಿಸ್ತೂಲು. ಗ್ಲಾಕ್ 19ರಲ್ಲಿ 15 ಗುಂಡು, ನಳಿಗೆ 4 ಇಂಚು. ಖಾಲಿಯಿದ್ದಾಗ ಸುಮಾರು 670 ಗ್ರಾಂ, ತುಂಬಿದರೆ 850ರ ಹತ್ತಿರ. ಕೈತುಂಬ ಹಿಡಿತ ಸಿಗುತ್ತದೆ, ಹೊಡೆಯೋಕೆ ಆರಾಮ. ಆದರೆ ದಪ್ಪ. ಒಂದೇ ಅಂಗಿ, ಹತ್ತು ಗಂಟೆ ಕೌಂಟರಿನ ಹಿಂದೆ ಕುರ್ಚಿ, ಏಳುವುದು ಕೂರುವುದು ಅಂದರೆ ಎರಡನೇ ವಾರಕ್ಕೆ ಅದು ಕೌಂಟರಿನ ಡ್ರಾಯರಿಗೆ ಹೋಗುತ್ತದೆ. ಡ್ರಾಯರಿನಲ್ಲಿರುವ ಪಿಸ್ತೂಲು ಯಾರ ಕೈಗೆ ಬೇಕಾದರೂ ಸಿಗುತ್ತದೆ.

2018ರಲ್ಲಿ ಬಂದ ಸಿಗ್ ಪಿ365 ಅರ್ಧ ಕೆಜಿ ಅಷ್ಟೇ. 10 ಗುಂಡು, ಸುಮಾರು 3 ಇಂಚಿನ ನಳಿಗೆ. ಅಷ್ಟು ಚಿಕ್ಕದರಲ್ಲಿ ಹತ್ತು ಗುಂಡು ಹಿಡಿಸಿದ್ದೇ ಆಗ ದೊಡ್ಡ ಸುದ್ದಿ. ಮರೆಯಾಗುವುದರಲ್ಲಿ ಇದಕ್ಕೆ ಎದುರಿಲ್ಲ. ಆದರೆ ಹಗುರ ಇದ್ದಷ್ಟೂ ಒದೆತ ಜಾಸ್ತಿ, ಕಿರುಬೆರಳಿಗೆ ಜಾಗ ಇರುವುದಿಲ್ಲ. ಹೊಸಬರು ಮೂವತ್ತು ಗುಂಡಿಗೆ ಕೈ ನೋವು ಅಂತ ಅಭ್ಯಾಸ ಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ನಿಮಗೆ ಬೇಕಾದ್ದು ಇವೆರಡರ ಮಧ್ಯದ ಅಳತೆ. ಪಿ365 ಎಕ್ಸ್‌ಎಲ್, ಗ್ಲಾಕ್ 43ಎಕ್ಸ್, ಸ್ಮಿತ್ ಅಂಡ್ ವೆಸ್ಸನ್ ಶೀಲ್ಡ್ ಪ್ಲಸ್. ಮೂರೂ ತೆಳ್ಳಗೆ, ಮೂರರಲ್ಲೂ ಹತ್ತು ಅಥವಾ ಅದಕ್ಕಿಂತ ಜಾಸ್ತಿ ಗುಂಡು. ಮೂರನ್ನೂ ರೇಂಜಿನಲ್ಲಿ ಬಾಡಿಗೆಗೆ ತಗೊಂಡು ತಲಾ 50 ಗುಂಡು ಹೊಡೆಯಿರಿ. ಕೊನೆಯ ಹತ್ತು ಗುಂಡು ಯಾವುದರಲ್ಲಿ ಒಂದೇ ಕಡೆ ಬೀಳುತ್ತವೋ ಅದನ್ನು ತಗೊಳ್ಳಿ. ಹೆಬ್ಬೆರಳಿನ ಸೇಫ್ಟಿ, ಅಂದರೆ ಗುಂಡು ಹಾರದಂತೆ ತಡೆಯುವ ಕೀಲಿ, ಇರುವ ಮಾಡೆಲ್ ಆರಿಸಿದರೆ, ಪ್ರತಿ ಸಲ ಎಳೆಯುವಾಗಲೂ ಅದನ್ನು ಇಳಿಸಿ ಅಭ್ಯಾಸ ಮಾಡಬೇಕು. ಅರ್ಧಂಬರ್ಧ ಅಭ್ಯಾಸಕ್ಕಿಂತ ಸೇಫ್ಟಿ ಇಲ್ಲದ್ದೇ ವಾಸಿ.

ಯಾರೋ ಪುಟ್ಟ ರಿವಾಲ್ವರ್ ತಗೊಳ್ಳಿ, ಸುಲಭ ಅಂತ ಹೇಳಿದ್ದಾರೆ. ಸುಲಭ ಇರುವುದು ಜೇಬಿಗೆ ಮಾತ್ರ. ಸ್ಮಿತ್ ಅಂಡ್ ವೆಸ್ಸನ್ 642ರಲ್ಲಿ ಐದೇ ಗುಂಡು, ಟ್ರಿಗರ್ ಎಳೆಯೋಕೆ ಸುಮಾರು 12 ಪೌಂಡ್ ಬಲ ಬೇಕು. ಗ್ಲಾಕಿನದು ಅದರ ಅರ್ಧ. ತುಂಬಾ ಅಭ್ಯಾಸ ಇದ್ದವರ ಕೈಗೆ ಅದು ಚೆಂದ. ಸ್ಲೈಡ್ ಎಳೆಯೋಕೆ ಬೆರಳಲ್ಲಿ ಶಕ್ತಿ ಸಾಲದವರಿಗೆ ಶೀಲ್ಡ್ ಇಜೆಡ್ ಅಂತಲೇ ಒಂದು ಇದೆ, ಅದನ್ನು ನೋಡಬಹುದು.

ಗುಂಡು 9 ಎಂಎಂ ಸಾಕು. ಅಭ್ಯಾಸಕ್ಕೆ ಮಾಮೂಲಿ ತಾಮ್ರದ ಕವಚದ್ದು. ಸೊಂಟದಲ್ಲಿ ಇಡುವುದಕ್ಕೆ ತುದಿಯಲ್ಲಿ ಗುಳಿ ಇರುವ ಹಾಲೋ ಪಾಯಿಂಟ್, ಅದು ಮೈಯೊಳಗೆ ಅರಳಿ ನಿಲ್ಲುತ್ತದೆ, ದಾಟಿ ಹಿಂದಿನವರಿಗೆ ತಾಗುವ ಅಪಾಯ ಕಡಿಮೆ. ಫೆಡರಲ್ ಎಚ್‌ಎಸ್‌ಟಿ, ಸ್ಪೀರ್ ಗೋಲ್ಡ್ ಡಾಟ್ ಎರಡೂ ನಂಬುವಂಥವು. 200 ಮಾಮೂಲಿ ಗುಂಡು, 50 ಹಾಲೋ ಪಾಯಿಂಟ್ ತೊಡಕಿಲ್ಲದೆ ಹೊಡೆದ ಮೇಲೇ ಸೊಂಟಕ್ಕೆ ಸಿಕ್ಕಿಸಿ.

ಕಾಗದದ ವಿಷಯ. 2021ರ ಸೆಪ್ಟೆಂಬರ್ 1ರಿಂದ ಟೆಕ್ಸಾಸಿನಲ್ಲಿ, 21 ತುಂಬಿ, ಕಾನೂನಿನ ತಡೆ ಇಲ್ಲದವರಿಗೆ ಲೈಸೆನ್ಸ್ ಇಲ್ಲದೆಯೂ ಇಟ್ಟುಕೊಳ್ಳಲು ಅವಕಾಶ ಇದೆ. ಆದರೂ ಎಲ್‌ಟಿಸಿ, ಅಂದರೆ ಪಿಸ್ತೂಲು ಜೊತೆಗಿಟ್ಟುಕೊಳ್ಳುವ ಟೆಕ್ಸಾಸ್ ಲೈಸೆನ್ಸ್, ಮಾಡಿಸಿ. ತರಗತಿಯಲ್ಲಿ ಯಾವಾಗ ಬಲ ಬಳಸಬಹುದು, ಯಾವಾಗ ಬಳಸಬಾರದು ಅಂತ ಹೇಳಿಕೊಡುತ್ತಾರೆ. ಶಾಲೆಯಿಂದ ಸಾವಿರ ಅಡಿಯೊಳಗೆ ಗನ್ ಇರಬಾರದು ಅನ್ನುವ ಫೆಡರಲ್ ಕಾನೂನಿಗೂ ರಾಜ್ಯದ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಮಕ್ಕಳನ್ನು ಬಿಡೋಕೆ ದಿನಾ ಆ ರಸ್ತೆಗೇ ಹೋಗುತ್ತೀರಿ, ಅಲ್ವಾ? ಶಾಲೆಯ ಕಟ್ಟಡದೊಳಗೆ ಮಾತ್ರ ಲೈಸೆನ್ಸ್ ಇದ್ದರೂ ಇಲ್ಲ, ಪೋಸ್ಟ್ ಆಫೀಸಿಗೂ ಇಲ್ಲ. ಮರೆಯಾಗಿ ಇಟ್ಟುಕೊಂಡ ಪಿಸ್ತೂಲು ಒಳಗೆ ತರಬಾರದು ಅನ್ನುವ 30.06 ಫಲಕ ಹಾಕಿರುವ ಕಡೆ ಅದರೊಂದಿಗೆ ಹೋಗಬೇಡಿ. ಬಾರಿನ ಬಾಗಿಲಲ್ಲಿ ಕೆಂಪಗೆ 51% ಅಂತ ಇದ್ದರೆ ಅಲ್ಲಿಗೂ ಬೇಡ. ನ್ಯೂಜೆರ್ಸಿಯಲ್ಲಿ ಅಣ್ಣನ ಮನೆಗೆ ಹೋಗುವಾಗ ಇದನ್ನು ಮನೆಯಲ್ಲೇ ಬಿಡಿ, ಅಲ್ಲಿ ಟೆಕ್ಸಾಸ್ ಲೈಸೆನ್ಸ್ ನಡೆಯುವುದಿಲ್ಲ. ದೇವಸ್ಥಾನಕ್ಕೆ ಪಂಚೆ ಉಟ್ಟು ಹೋಗುವ ದಿನವೂ ಲಾಕರಿನಲ್ಲೇ ಇರಲಿ. ಪಂಚೆಯ ಮೇಲೆ ಯಾವ ಹೋಲ್ಸ್ಟರೂ ಗಟ್ಟಿ ನಿಲ್ಲುವುದಿಲ್ಲ.

ಮಕ್ಕಳ ಬಗ್ಗೆ. ಅಲಮಾರಿನ ಮೇಲಿನ ಹಲಗೆ, ದಿಂಬಿನ ಕೆಳಗೆ, ಇವ್ಯಾವುದೂ ಜಾಗವಲ್ಲ. ಒಂಬತ್ತು ವರ್ಷದವರಿಗೆ ಕುರ್ಚಿ ಎಳೆದು ಹತ್ತೋಕೆ ಬರುತ್ತದೆ. ಮಂಚದ ಹತ್ತಿರ ಗೋಡೆಗೆ ಬೋಲ್ಟ್ ಹಾಕಿದ, ಗುಂಡಿ ಒತ್ತಿ ತೆರೆಯುವ ಸಣ್ಣ ಲಾಕರ್ ಕೊಳ್ಳಿ. ಕಾರಿನಲ್ಲೂ ಒಂದು ಇರಲಿ. 17ರ ಒಳಗಿನ ಮಗುವಿಗೆ ತುಂಬಿದ ಗನ್ ಸಿಗುವಂತೆ ಬಿಟ್ಟರೆ ಟೆಕ್ಸಾಸಿನಲ್ಲಿ ಅದೇ ಅಪರಾಧ. ನಮ್ಮ ಮಲೆನಾಡಿನ ಮನೆಯಲ್ಲಿ ಕೋವಿ ಗೋಡೆಯ ಮೊಳೆಗೆ ನೇತಾಡುತ್ತಿತ್ತು, ತೋಟೆ ಮಾತ್ರ ಅಜ್ಜನ ಬೀಗದ ಪೆಟ್ಟಿಗೆಯಲ್ಲಿ. ಇಲ್ಲಿ ಗುಂಡು ಪಿಸ್ತೂಲಿನೊಳಗೇ ಇರುವುದರಿಂದ ಬೀಗ ಎರಡರ ಮೇಲೂ ಬೀಳಬೇಕು.

ಇನ್ನೊಂದು ಎಚ್ಚರಿಕೆ. ರೇಂಜಿಗೆ ಒಯ್ಯುವ ಬ್ಯಾಗನ್ನು ಊರಿಗೆ ಹೋಗುವಾಗ ಬಳಸಲೇಬೇಡಿ. ಮೂಲೆಯಲ್ಲಿ ಉಳಿದ ಒಂದೇ ಒಂದು ಗುಂಡು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಎಕ್ಸ್‌ರೇಗೆ ಸಿಕ್ಕರೆ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು. ಗೊತ್ತಿಲ್ಲದೆ ಬಂತು ಅಂತ ಕೋರ್ಟಿನಲ್ಲಿ ಆಮೇಲೆ ಬಿಡಿಸಿಕೊಂಡವರಿದ್ದಾರೆ, ಆದರೆ ರಜೆ ಪೂರ್ತಿ ಅದಕ್ಕೇ ಹೋಗುತ್ತದೆ. ರೇಂಜಿಗೆ ಬೇರೆ ಬಣ್ಣದ ಬ್ಯಾಗ್ ಇಟ್ಟು ಗ್ಯಾರೇಜಿನಲ್ಲೇ ಬಿಡಿ.

ಬರುವ ಶನಿವಾರ ಬೆಳಿಗ್ಗೆ ನಾನು ರೇಂಜಿಗೆ ಬರುತ್ತಿದ್ದೇನೆ. 43ಎಕ್ಸ್ ನನ್ನದೇ ಇದೆ, ಎರಡು ಥರದ ಹೋಲ್ಸ್ಟರೂ ತರುತ್ತೇನೆ. ನೀವು ಅಂಗಡಿಗೆ ದಿನಾ ಹಾಕುವ ಪ್ಯಾಂಟು, ಅಂಗಿಯಲ್ಲೇ ಬನ್ನಿ. ಖಾಲಿ ಪಿಸ್ತೂಲು ಸಿಕ್ಕಿಸಿ ಅರ್ಧ ಗಂಟೆ ಕುರ್ಚಿಯಲ್ಲಿ ಕೂತು, ಎದ್ದು, ಬಗ್ಗಿ ನೋಡೋಣ. ಅಲ್ಲಿಯವರೆಗೆ ಏನೂ ಆರ್ಡರ್ ಮಾಡಬೇಡಿ.